ಎಂಟಡಿ ಮಣ್ಣು, ಮೂರು ಕಂಪ್ಲೇಂಟು

ಪುಟ್ಟ ಮಕ್ಕಳ ಕೈಗೆ ಮಣ್ಣು, ಬಣ್ಣ, ಅಂಟು, ಎಲೆ ಕೊಟ್ಟು ಕೂರಿಸಿದ ಮೇಲೆ ಯಾವುದೂ ನಾವು ಅಂದುಕೊಂಡ ಹಾಗೆ ನಡೆಯೋದಿಲ್ಲ. ಮಕ್ಕಳಿಂದ ಅಂದುಕೊಂಡ್ರಾ? ಅಲ್ಲ ಕಣ್ರೀ. ಮಕ್ಕಳು ಪಾಪ, ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತವೆ. ಎಡವಟ್ಟೆಲ್ಲಾ ದೊಡ್ಡವರದ್ದು.

ಹದಿನೇಳು ವರ್ಷದಿಂದ ನಾನು ಎಲ್‌ಕೆಜಿ ಮಿಸ್ಸು. ಮನೆ ವಿದ್ಯಾರಣ್ಯಪುರಂ, ಸ್ಕೂಲು ಬೋಗಾದಿ, ದಿನಾ ಎರಡು ಬಸ್ಸು. ನಗಬೇಕಾದ ಕಡೆ ನಕ್ಕಿದ್ದೀನಿ, ಅಳಬೇಕಾದ ಕಡೆಯೂ ನಕ್ಕಿದ್ದೀನಿ. ಯಾಕಂದ್ರೆ ಎಲ್‌ಕೆಜಿ ಮಿಸ್ಸು ಅತ್ತರೆ ಜೊತೆಗೆ ಇಪ್ಪತ್ತಾರು ಮಕ್ಕಳೂ ಶುರು ಮಾಡ್ತವೆ, ಸಮಾಧಾನ ಮಾಡೋಕೆ ಯಾರೂ ಇರೋಲ್ಲ. ಎಲ್ಲಾ ವರ್ಷದ್ದೂ ಹೇಳ್ತಾ ಕೂತರೆ ನಿಮಗೆ ಬೇಜಾರು. ಕಳೆದ ವರ್ಷದ್ದು ಒಂದನ್ನೇ ಹೇಳ್ತೀನಿ.

೧. ಷರತ್ತು

ನಮ್ಮ ಸ್ಕೂಲು ಅಂದ್ರೆ ಬೋಗಾದಿಯ ಹೊಸ ಬಡಾವಣೆಯಲ್ಲಿ ಯಾರೋ ವಾಸಕ್ಕೆ ಅಂತ ಕಟ್ಟಿಸಿದ್ದ ಎರಡಂತಸ್ತಿನ ಮನೆ. ಅಡುಗೆಮನೆ ಇದ್ದ ಕಡೆ ಎಲ್‌ಕೆಜಿ, ದೇವರಮನೆ ಇದ್ದ ಕಡೆ ಆಫೀಸು. ಎಲ್ಲಾ ಕಡೆ ಟೈಲ್ಸು. ಹಿಂದುಗಡೆ ಮಾತ್ರ, ನೀರಿನ ಸಂಪಿಗೂ ಕಾಂಪೌಂಡಿಗೂ ಮಧ್ಯೆ, ಎಂಟಡಿ ಅಗಲ ಇಪ್ಪತ್ತಡಿ ಉದ್ದದ ಒಂದು ಪಟ್ಟಿ ಮಣ್ಣು ಹೇಗೋ ತಪ್ಪಿಸಿಕೊಂಡು ಉಳಿದಿತ್ತು. ಮುರಿದ ಬೆಂಚು ಹಾಕೋ ಜಾಗ ಅದು.

ಜೂನ್‌ನಲ್ಲಿ ನಮ್ಮ ಹೆಡ್ ಮೇಡಂ ಯಾವುದೋ ಟ್ರೈನಿಂಗಿಗೆ ಹೋಗಿ ಬಂದರು. ಬಂದವರೇ ಸ್ಟಾಫ್ ಮೀಟಿಂಗ್ ಕರೆದರು. "ಈ ವರ್ಷದಿಂದ ನೇಚರ್ರು, ಆರ್ಟು. ಮಕ್ಕಳು ಎಲ್ಲಾನೂ ಕೈಯಲ್ಲೇ ಮಾಡಿ ಕಲೀಬೇಕು" ಅಂದರು. ಇಷ್ಟು ವರ್ಷ ಕಾಲಲ್ಲಿ ಮಾಡಿಸ್ತಿದ್ವಾ ಅಂತ ಕೇಳಬೇಕು ಅನ್ನಿಸ್ತು. ಕೇಳಲಿಲ್ಲ. ಅದರ ಬದಲು ಹಿಂದಿನ ಮಣ್ಣು ಕೇಳಿದೆ.

ಮೇಡಂ ಒಪ್ಪಿದರು. "ತಗೊಳ್ಳಿ ಮಿಸ್. ಆದ್ರೆ ಮೂರು ಕಂಪ್ಲೇಂಟ್ ಬಂತೋ, ಅವತ್ತೇ ಸಿಮೆಂಟ್ ಹಾಕಿಸಿಬಿಡ್ತೀನಿ. ನಾನು ಒಂದು ಮಾತು ಹೇಳಿದ್ರೆ ಹೇಳಿದ ಹಾಗೆ, ನಿಮಗೆ ಗೊತ್ತಲ್ಲ" ಅಂದರು. ಆಫೀಸಿನ ಮೇಜಿನ ಮೇಲೆ ದಪ್ಪ ರಟ್ಟಿನ ಕಂಪ್ಲೇಂಟ್ ಬುಕ್ಕು ಒಂದಿದೆ. ದಿನಾಂಕ, ಹೆಸರು, ಕಾರಣ, ತೆಗೆದುಕೊಂಡ ಕ್ರಮ ಅಂತ ನಾಲ್ಕು ಕಾಲಂ. ಅದರ ಕಡೆ ಒಂದು ಸಲ ಕೈ ತೋರಿಸಿದರು.

ನಮ್ಮ ಆಯಮ್ಮ ಮಕ್ಕಳನ್ನ ನೋಡಿಕೊಳ್ಳೋಕೆ ಇರೋದು, ಆದರೆ ಗುದ್ದಲಿ ಕಂಡ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವಳು ಹಳೇ ಬೋಗಾದಿಯವಳು. ಅಗೆದಂತೆಲ್ಲಾ ಒಡೆದ ಟೈಲು, ಗಾಜು, ಹಾಲಿನ ಕವರು, ಒಂಟಿ ಹವಾಯಿ ಚಪ್ಪಲಿ ಎಲ್ಲಾ ಬಂತು. "ನಮ್ಮಾವ ರಾಗಿ ಬಿತ್ತುತಿದ್ದದ್ದು ಇಲ್ಲೇ ಕಣ್ ಮಿಸ್ಸೋರೆ. ಈಗ ನೋಡಿ, ಪ್ಲಾಸ್ಟಿಕ್ಕು ಎಷ್ಟ್ ಚಂದಾಗ್ ಬೆಳ್ದದೆ" ಅಂದಳು.

ಮೊದಲ ದಿನ ಮಕ್ಕಳನ್ನ ಕರೆದುಕೊಂಡು ಹೋದೆ. ಒಬ್ಬ ಹುಡುಗ, ಪೊಲೀಸರಿಗೆ ಸಿಕ್ಕಿಬಿದ್ದವನ ಹಾಗೆ ಎರಡೂ ಕೈ ಮೇಲೆತ್ತಿಕೊಂಡು ನಿಂತ. ಇಬ್ಬರು ಟಿಶ್ಯೂ ಕೇಳಿದರು. ಒಂದು ಹುಡುಗಿ ಬಗ್ಗಿ ನೋಡಿ, ಮುಟ್ಟೋದಕ್ಕೆ ಮೊದಲು ಗಂಭೀರವಾಗಿ ಕೇಳಿದಳು: "ಮಿಸ್, ಈ ಮಣ್ಣನ್ನ ತೊಳ್ದಿದ್ದೀರಾ?"

ಆಯಮ್ಮನೇ ಹೇಳಿದಳು: "ಊ ಕಣವ್ವ. ನೆನ್ನೆ ಮಳೆ ಬಂದು ತೊಳ್ಕೊಟ್ಬುಟ್ಟು ಹೋಗದೆ."

೨. ರೈತನ ಮಿತ್ರ

ಒಂದು ತಿಂಗಳಲ್ಲಿ ಎಲ್ಲಾ ದಾರಿಗೆ ಬಂದವು. ಕೈ ಮೇಲೆತ್ತಿಕೊಂಡು ನಿಂತಿದ್ದ ಹುಡುಗ ಮೊಣಕೈವರೆಗೂ ಕೈ ಮಣ್ಣಲ್ಲಿ ಇಳಿಸಿಕೊಂಡು ಕೂತಿರ್ತಿದ್ದ, ಊಟದ ಬೆಲ್ ಹೊಡೆದರೂ ಏಳ್ತಿರಲಿಲ್ಲ. ಮೆಂತ್ಯ ಹಾಕಿದೆವು, ರಾಗಿ ಹಾಕಿದೆವು. ಮೊಳಕೆ ಕಂಡ ದಿನ ಇಪ್ಪತ್ತಾರು ಮಕ್ಕಳೂ ಹೊಟ್ಟೆ ಅಡಿ ಮಾಡಿ ಮಲಗಿ ನೋಡಿದವು. ಹದಿನಾರು ವರ್ಷ ಚುಕ್ಕಿ ಸೇರಿಸಿ ಅಕ್ಷರ ಬರೆಸಿದವಳು ನಾನು. ಅವತ್ತು ಮೊದಲ ಸಲ, ನಾನೂ ಏನೋ ಕಲಿಸಿದೆ ಅನ್ನಿಸಿತು. ಈ ಮಣ್ಣು ಉಳೀಲೇಬೇಕು ಅಂತ ಹಠ ಹತ್ತಿದ್ದು ಆಗಲೇ.

ಅದೇ ವಾರ ಎರೆಹುಳ ಸಿಕ್ಕಿತು. ಅಂಗೈ ಮೇಲೆ ಇಟ್ಟುಕೊಂಡು ಪಾಠ ಮಾಡಿದೆ. "ಇದು ರೈತನ ಮಿತ್ರ. ಮಿತ್ರ ಅಂದ್ರೆ ಫ್ರೆಂಡು. ನಮಗೆಲ್ಲಾ ಫ್ರೆಂಡು." ಫ್ರೆಂಡು ಅಂದ ಮೇಲೆ ಮನೆಗೆ ಕರೆಯೋದು ಮರ್ಯಾದೆ ತಾನೇ? ಒಂದು ಹುಡುಗಿ ಕರೆದೇಬಿಟ್ಟಳು. ಟಿಫಿನ್ ಡಬ್ಬದಲ್ಲಿ ಕೂರಿಸಿಕೊಂಡು ಹೋದಳು. ದಾರೀಲಿ ಹಸಿವಾಗುತ್ತೆ ಅಂತ, ಬೆಳಗ್ಗೆ ತಿನ್ನದೆ ಬಿಟ್ಟಿದ್ದ ಶಾವಿಗೆ ಉಪ್ಪಿಟ್ಟನ್ನ ಅದರ ಪಕ್ಕಕ್ಕೇ ಬಡಿಸಿದ್ದಳಂತೆ.

ಸಂಜೆ ಡಬ್ಬ ತೆಗೆದ ಅವರಮ್ಮನಿಗೆ ಶಾವಿಗೆ ಯಾವುದು, ಮಿತ್ರ ಯಾವುದು ಅಂತ ಗೊತ್ತಾಗಲಿಲ್ಲ. ಒಂದು ಶಾವಿಗೆ ಎದ್ದು ಹೊರಟ ಮೇಲೆ ಗೊತ್ತಾಯಿತು.

ಮಾರನೇ ದಿನ ಬೆಳಗ್ಗೆ ಎಂಟೂವರೆಗೇ ಗೇಟಲ್ಲಿ ನಿಂತಿದ್ದರು. "ಏನು ಮಿಸ್ ನೀವು ಮಕ್ಕಳಿಗೆ ಹೇಳಿಕೊಡೋದು?"

"ಎರೆಹುಳ ರೈತನ ಮಿತ್ರ ಅಂತ ಹೇಳಿದ್ದೆ ಮೇಡಂ."

"ನಾವು ರೈತರಲ್ಲ ಕಣ್ರೀ. ನಮ್ಮೆಜಮಾನ್ರು ಬ್ಯಾಂಕಲ್ಲಿರೋದು!"

ಹೋಗಿ ಬುಕ್ಕಲ್ಲಿ ಬರೆದೇ ಬಿಟ್ಟರು. ಮೊದಲನೇ ಕಂಪ್ಲೇಂಟು. ಆ ಪೆನ್ನಿನ ಶಬ್ದ ನನಗೆ ಕಾರಿಡಾರಿಗೆ ಕೇಳಿಸ್ತಿತ್ತು.

ಮಗು ಮಾತ್ರ ಅಳುಮೋರೆ ಮಾಡಿಕೊಂಡು ಬಂದು ನನ್ನ ಸೀರೆ ಹಿಡಿದುಕೊಂಡಿತು. "ಮಿಸ್, ಅಮ್ಮ ನನ್ನ ಫ್ರೆಂಡನ್ನ ಟಾಯ್ಲೆಟ್ಟಿಗೆ ಹಾಕಿ ನೀರು ಬಿಟ್ಟುಬಿಟ್ಳು."

ತಲೆ ಸವರಿದೆ. ಅದು ಕಣ್ಣು ಒರೆಸಿಕೊಂಡು ಕೇಳಿತು: "ಅವನಿಗೆ ಈಜು ಬರುತ್ತಲ್ವಾ ಮಿಸ್?"

೩. ಐದೆಲೆ

ಎಲೆಗೆ ಬಣ್ಣ ಬಳಿದು ಕಾಗದದ ಮೇಲೆ ಒತ್ತಿದರೆ ಎಲೆಯ ನರನರವೂ ಮೂಡುತ್ತೆ. ಮಕ್ಕಳಿಗೆ ಬಲು ಇಷ್ಟ. ಅದಕ್ಕೇ ಒಂದು ಶುಕ್ರವಾರ, "ಸೋಮವಾರ ಎಲ್ಲರೂ ಮನೆಯಿಂದ ಐದೆಲೆ ತರಬೇಕು" ಅಂತ ಬಾಯಲ್ಲೇ ಹೇಳಿ ಕಳಿಸಿದೆ. ಬಾಯಲ್ಲಿ ಹೇಳಬಾರದಿತ್ತು.

ಸೋಮವಾರ ಒಂದು ಮಗು ಐದು ವೀಳ್ಯದೆಲೆ ತಂದಿತು, ಮೇಲೆ ಎರಡು ಅಡಿಕೆ. "ಯಾರ ಮನೇಲಿ ಶಾಸ್ತ್ರ ಅಂತ ಅಜ್ಜಿ ಕೇಳಿದ್ರು" ಅಂತಲೂ ಹೇಳಿತು. ಇನ್ನೊಬ್ಬನ ಅಪ್ಪ ಊಟದ ಬಾಳೆಎಲೆ ಐದು ಸುತ್ತಿ ತಂದು, "ಐದು ಸಾಕಾ ಮಿಸ್? ಪಂಕ್ತೀಲಿ ಇಪ್ಪತ್ತಾರು ಮಕ್ಕಳಲ್ವಾ?" ಅಂದರು. ಮತ್ತೊಂದು ಮನೆಯವರು ಬಾಗಿಲಿಗೆ ಕಟ್ಟೋ ಪ್ಲಾಸ್ಟಿಕ್ ಮಾವಿನ ತೋರಣವನ್ನೇ ಕತ್ತರಿಸಿ ಕಳಿಸಿದ್ದರು. "ಗಿಡದ್ದಾದ್ರೆ ಹುಳ ಇರುತ್ತೆ ಮಿಸ್" ಅಂತ ಚೀಟಿ ಬೇರೆ.

ಕೊನೇ ಬೆಂಚಿನ ಹುಡುಗ ಚಡ್ಡಿ ಜೇಬಿನಿಂದ ಜೋಪಾನವಾಗಿ ತೆಗೆದು ಮೇಜಿನ ಮೇಲೆ ಇಟ್ಟ. ಒಂದು ರಾಜ, ಒಂದು ರಾಣಿ, ಎರಡು ಎಕ್ಕ, ಒಂದು ಜಾಕಿ.

"ಇದೇನೋ?"

"ಎಲೆ ಮಿಸ್. ನಮ್ಮಪ್ಪನ ಹತ್ರ ಇನ್ನೂ ಇದೆ. ಭಾನುವಾರ ಮಾಮಂದಿರೆಲ್ಲಾ ಬಂದು ಮಹಡಿ ಮೇಲೆ ಎಲೆ ಹಾಕ್ತಾರೆ."

ನಾನು ಅತ್ತ ತಿರುಗೋದರಲ್ಲಿ ರಾಜನ ಮುಖಕ್ಕೆ ಹಸಿರು ಬಳಿದು ಕಾಗದಕ್ಕೆ ಒತ್ತಿದ್ದ. ಹಸಿರು ಚೌಕ ಮೂಡಿತ್ತು, ಅದರೊಳಗೆ ತಾನೇ ಕಿರೀಟ, ಮೀಸೆ ಬರೆದ. ಚಿತ್ರ ಮನೆಗೆ ಹೋಯಿತು. ಅಲ್ಲಿ ಅವರಮ್ಮ ಅದನ್ನ ನೋಡಿದರು. ಮೂರು ತಿಂಗಳ ಹಿಂದಷ್ಟೇ ಆಕೆ ಗಂಡನನ್ನ ಬೆಟ್ಟ ಹತ್ತಿಸಿ, ದೇವಿ ಮುಂದೆ ನಿಲ್ಲಿಸಿ, ಇನ್ನು ಇಸ್ಪೀಟು ಮುಟ್ಟೋಲ್ಲ ಅಂತ ಆಣೆ ಹಾಕಿಸಿದ್ದರಂತೆ.

ಮಾರನೇ ದಿನ ಆ ಅಪ್ಪ ಬಂದರು. ಮುಖ ಕೆಂಡ. "ಎಲ್ರೀ ಕಂಪ್ಲೇಂಟ್ ಬುಕ್ಕು?" ಅಂತ ಎಳೆದುಕೊಂಡು ದಿನಾಂಕ ಬರೆದರು, ಹೆಸರು ಬರೆದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಇದು ಎರಡನೇದು, ಇನ್ನೊಂದಾದರೆ ಮಣ್ಣು ಹೋಯಿತು. 'ಕಾರಣ' ಅನ್ನೋ ಕಾಲಂ ಹತ್ತಿರ ಬಂದು ಪೆನ್ನು ನಿಂತಿತು.

ತಲೆ ಎತ್ತಿ ನನ್ನ ಕಡೆ ನೋಡಿದರು. "ಮಿಸ್, ಇಲ್ಲಿ ಏನಂತ ಬರೀಲಿ?"

"ನಡೆದದ್ದನ್ನೇ ಬರೀರಿ ಸಾರ್. ಮೇಡಂ ಎಲ್ಲಾ ಪೇರೆಂಟ್ಸ್ ಮುಂದೆ ಓದಿಸ್ತಾರೆ" ಅಂದೆ.

ಹೆಸರನ್ನ ಒಂದು ಸಲ ಅಲ್ಲ, ನಾಲ್ಕು ಸಲ ಹೊಡೆದುಹಾಕಿ ಎದ್ದರು. ಗೇಟಿನವರೆಗೆ ಹೋದವರು ತಿರುಗಿ ಬಂದು, ದನಿ ತಗ್ಗಿಸಿ ಕೇಳಿದರು: "ಆ ರಾಜ ಒಣಗಿದ್ದಾನಾ ಮಿಸ್? ಭಾನುವಾರಕ್ಕೆ ಬೇಕಿತ್ತು."

೪. ನಿಜವಾದ ಆನೆ

ದಸರಾ ಹತ್ತಿರ ಬಂತು. ಆನೆಗಳು ದಿನಾ ತಾಲೀಮಿಗೆ ರಸ್ತೆಗೆ ಇಳೀತಿದ್ದವು. ಮೇಡಂಗೆ ಉತ್ಸಾಹ ಬಂದು ಜೇಡಿಮಣ್ಣಲ್ಲಿ ಆನೆ ಮಾಡೋ ಸ್ಪರ್ಧೆ ಇಟ್ಟರು. ಒಂದೊಂದು ಮಗುವಿಗೂ ಒಂದೊಂದು ಉಂಡೆ ಜೇಡಿಮಣ್ಣು ಕೊಟ್ಟು, "ನೀವೇ ಮಾಡಬೇಕು, ಅಪ್ಪ ಅಮ್ಮ ಮುಟ್ಟಬಾರದು" ಅಂತ ನೂರು ಸಲ ಹೇಳಿ ಮನೆಗೆ ಕಳಿಸಿದೆ.

ಮಾರನೇ ದಿನ ಬಂದ ಆನೆಗಳನ್ನ ನೋಡಬೇಕಿತ್ತು ನೀವು. ಒಂದರ ಮೇಲೆ ಬಂಗಾರದ ಕಾಗದದ ಅಂಬಾರಿ. ಒಂದರ ಕಣ್ಣಲ್ಲಿ ಸಣ್ಣ ಬಲ್ಬು ಉರೀತಿತ್ತು. ಒಂದು ಸೊಂಡಿಲು ಅಲ್ಲಾಡಿಸ್ತಿತ್ತು. ಎಲ್ಲಕ್ಕಿಂತ ಚಂದದ ಆನೆಯ ಹೊಟ್ಟೆಯ ಅಡಿ, ಮಂಡಿ ಮೊಹಲ್ಲಾದ ಯಾವುದೋ ಅಂಗಡಿಯ ಚೀಟಿ ಕೀಳದೆ ಹಾಗೇ ಉಳಿದಿತ್ತು. ಆ ಮಗುವನ್ನ ಕರೆದು, "ನೀನೇ ಮಾಡಿದ್ಯಾ ಪುಟ್ಟ?" ಅಂದೆ. "ಇಲ್ಲ ಮಿಸ್. ಮುಟ್ಟಿದ್ರೆ ಅಪ್ಪ ಬಾರಿಸ್ತೀನಿ ಅಂದ್ರು" ಅಂತು. ಮಗುವಿನ ಕೈಗೆ ಅಂತ ಕೊಟ್ಟ ಒಂದು ಉಂಡೆ ಮಣ್ಣನ್ನೂ ಈ ಜನ ಕಿತ್ತುಕೊಂಡರಲ್ಲ.

ಒಂದೇ ಒಂದು ಮಗು ತಾನೇ ಮಾಡಿಕೊಂಡು ಬಂದಿತ್ತು. ಮಣ್ಣು ತೊಳೆದಿದ್ದೀರಾ ಅಂತ ಮೊದಲ ದಿನ ಕೇಳಿದ್ದಳಲ್ಲ, ಅವಳೇ. ತಟ್ಟೆಯಲ್ಲಿ ನಾಲ್ಕು ದೊಡ್ಡ ಉಂಡೆ, ಅಷ್ಟೇ.

ತೀರ್ಪು ಕೊಡೋಕೆ ಬಡಾವಣೆಯ ಸಂಘದ ಅಧ್ಯಕ್ಷರು ಬಂದಿದ್ದರು. ಇಸ್ತ್ರಿ ಮಾಡಿದ ಬಿಳೀ ಷರಟು, ಪೇಟ, ಶಾಲು. ಎಲ್ಲಾ ನೋಡಿಕೊಂಡು ಬಂದು ಆ ತಟ್ಟೆ ಮುಂದೆ ನಿಂತರು. ಒಂದು ಉಂಡೆ ಕೈಗೆತ್ತಿಕೊಂಡು ಫೋಟೋದವರ ಕಡೆ ತಿರುಗಿ, "ನೋಡಿ, ಇದು ಕಲ್ಪನೆ ಅಂದ್ರೆ! ಆನೆ ಮುದುರಿಕೊಂಡು ಮಲಗಿದೆ. ಅಲ್ವೇನಮ್ಮ?" ಅಂದರು.

"ಅಲ್ಲ ತಾತ. ಇದು ಆನೆ ಲದ್ದಿ."

ಎಲ್ಲರೂ ಘೊಳ್ ಅಂತ ನಕ್ಕರು. ಅಧ್ಯಕ್ಷರೂ ದೊಡ್ಡತನದಿಂದ ನಕ್ಕರು. "ಭೇಷ್! ಎಷ್ಟು ಸಹಜವಾಗಿ ಮಾಡಿದ್ದೀಯ" ಅಂತ ಇನ್ನೂ ಹತ್ತಿರಕ್ಕೆ ಹಿಡಿದರು.

"ಮೂರು ನಾನು ಮಾಡಿದ್ದು. ನಾಲ್ಕನೇದಕ್ಕೆ ಮಣ್ಣು ಸಾಲಲಿಲ್ಲ. ಲದ್ದಿ ತುಳಿದ್ರೆ ಕಾಲಿಗೆ ಒಳ್ಳೇದು ಅಂತ ಅಜ್ಜಿ ನನ್ನನ್ನ ಆನೆ ಹಿಂದೆ ಕರ್ಕೊಂಡು ಹೋಗಿದ್ರಲ್ಲ, ಅಲ್ಲಿಂದ ತಂದೆ. ನೀವು ಹಿಡ್ಕೊಂಡಿರೋದೇ ಅದು."

ಅಧ್ಯಕ್ಷರು ಮೂರು ಸಲ ಸೋಪು ಹಾಕಿ ಕೈ ತೊಳೆದುಕೊಂಡು ಬಂದು ಬುಕ್ಕು ತರಿಸಿದರು. ಕಾರಣದ ಕಾಲಂನಲ್ಲಿ 'ಬರೆಯಲು ಸಂಕೋಚ' ಅಂತ ಬರೆದರು. ಅದಕ್ಕೆಲ್ಲಾ ಮಣ್ಣೇ ಮೂಲ ಅಂತ ಮೇಡಂ ಎರಡನೇದು ಲೆಕ್ಕ ಹಾಕಿಕೊಂಡರು. ಮೊದಲ ಬಹುಮಾನ ಹೊಟ್ಟೆಯ ಅಡಿ ಚೀಟಿ ಇದ್ದ ಆನೆಗೆ ಬಂತು.

ಹುಡುಗಿಗೆ ಬೇಜಾರಾಗಿರುತ್ತೆ ಅಂತ ಹತ್ತಿರ ಹೋದೆ. "ಹೋಗ್ಲಿ ಬಿಡು ಪುಟ್ಟ. ಅವರದೆಲ್ಲಾ ದೊಡ್ಡವರು ಮಾಡಿದ್ದು" ಅಂದೆ.

ಅವಳು ತಲೆ ಅಲ್ಲಾಡಿಸಿ, "ಹೌದು ಮಿಸ್. ನನ್ನದೊಂದೇ ಆನೆ ಮಾಡಿದ್ದು" ಅಂದಳು.

೫. ಮೂರನೇದು

ಆಮೇಲೆ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಮಣ್ಣಿಂದ ಎದ್ದ ಮಕ್ಕಳನ್ನ ಒಂದೊಂದಾಗಿ ಹಿಡಿದು ಉಗುರು ನೋಡಿ, ಕೈ ತೊಳೆಸಿ, ಷರಟು ಬದಲಾಯಿಸಿ, ಜೇಬು ತಡಕಿ, ಟಿಫಿನ್ ಡಬ್ಬ ತೆಗೆದು ನೋಡಿ ಮನೆಗೆ ಕಳಿಸ್ತಿದ್ದೆ. ಕಳ್ಳಸಾಗಣೆ ತಡೆಯೋ ಚೆಕ್‌ಪೋಸ್ಟಲ್ಲೂ ಅಷ್ಟು ನೋಡೋಲ್ಲ. ರಾಗಿ ತೆನೆ ಬಂತು, ಮಕ್ಕಳೇ ಕಿತ್ತವು. ಆಯಮ್ಮ ಅದನ್ನ ಮೊರದಲ್ಲಿ ಕೇರಿ, ಬೀಸಿ, ಮಗುವಿಗೊಂದರಂತೆ ಇಪ್ಪತ್ತಾರು ಪುಟ್ಟ ರೊಟ್ಟಿ ತಟ್ಟಿಕೊಂಡು ಬಂದಳು. ಹಸಿರು ಸೊಪ್ಪು ಕಂಡರೆ ಓಡೋ ಮಕ್ಕಳು ತಾವೇ ಬೆಳೆದ ಮೆಂತ್ಯ ಕಿತ್ತು ಅಲ್ಲೇ ಬಾಯಿಗೆ ಹಾಕಿಕೊಂಡವು. ಜನವರಿ ಬಂತು, ಮೂರನೇ ಕಂಪ್ಲೇಂಟ್ ಬರಲಿಲ್ಲ. ಗೆದ್ದೆ ಅಂದುಕೊಂಡೆ.

ಅಡ್ಮಿಷನ್ ಶುರುವಾಯಿತು. ಹೊಸದಾಗಿ ಸ್ಕೂಲು ನೋಡೋಕೆ ಬಂದ ತಾಯಿ ಒಬ್ಬರನ್ನ ಮೇಡಂ ಹಿಂದುಗಡೆ ಕರೆದುಕೊಂಡು ಬಂದರು. ನಾವು ಹೊಸ ಬಿತ್ತನೆಗೆ ಅಂತ ಮಣ್ಣು ಹದ ಮಾಡಿ ಬಿಟ್ಟಿದ್ದೆವು. ಬೋಗಾದಿಯಲ್ಲಿ ಈಗ ಬರೀ ಮಣ್ಣು ಕಾಣೋದು ಪಾಯ ತೆಗೆದ ಕಡೆ ಮಾತ್ರ. ಆಕೆ ನೋಡಿದವರೇ, "ಓ, ಇನ್ನೂ ಕೆಲಸ ಮುಗಿದಿಲ್ವಾ? ಹಾಗಾದ್ರೆ ಮುಂದ್ಲ ವರ್ಷ ನೋಡ್ತೀವಿ ಬಿಡಿ" ಅಂತ ಹೊರಟೇಹೋದರು. ಆ ವಾರ ಇನ್ನಿಬ್ಬರು ಅದೇ ಮಾತು ಆಡಿದರಂತೆ.

ಮೇಡಂ ನನ್ನನ್ನ ಆಫೀಸಿಗೆ ಕರೆದರು. "ಸಿಮೆಂಟ್ ಹಾಕಿಸಲೇಬೇಕು ಮಿಸ್. ಆದ್ರೆ ಮೂರು ಕಂಪ್ಲೇಂಟ್ ಬಂದ್ರೆ ಅಂತ ಮಾತು ಕೊಟ್ಟುಬಿಟ್ಟಿದ್ದೀನಿ. ಎರಡೇ ಇದೆ. ನಾನು ಮಾತಿಗೆ ತಪ್ಪೋಳಲ್ಲ."

"ಸರಿ ಮೇಡಂ" ಅಂದೆ, ಖುಷಿಯಾಗಿ.

"ಅದಕ್ಕೇ ಮೂರನೇದು ನೀವೇ ಬರೆದುಬಿಡಿ."

ನಾನು ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಬುಕ್ಕನ್ನ ನನ್ನ ಕಡೆ ತಿರುಗಿಸಿ ಪೆನ್ನಿನ ಮುಚ್ಚಳ ತೆಗೆದುಕೊಟ್ಟರು. "ಏಪ್ರಿಲ್‌ನಲ್ಲಿ ಹೇಗೂ ಎಲ್ಲಾ ಮಿಸ್ಸುಗಳನ್ನ ಒಂದ್ಸಲ ಕೆಲಸದಿಂದ ಬಿಡಿಸಿ ಜೂನ್‌ನಲ್ಲಿ ಮತ್ತೆ ತಗೊಳ್ಳೋದಲ್ವಾ. ಯಾರ್ಯಾರನ್ನ ಅಂತ ಈಗ್ಲೇ ಲಿಸ್ಟ್ ಮಾಡ್ತಿದ್ದೀನಿ" ಅಂದರು, ಬಹಳ ಮೆತ್ತಗೆ.

ನಲವತ್ತೊಂಬತ್ತು ವಯಸ್ಸಿಗೆ ಎಲ್‌ಕೆಜಿ ಮಿಸ್ಸನ್ನ ಹೊಸದಾಗಿ ಯಾರೂ ತಗೊಳ್ಳೋಲ್ಲ ಕಣ್ರೀ. ಬರೆದೆ. ನಾಚಿಕೆ ಆಯಿತು, ಆದರೂ ಬರೆದೆ. ಕಾರಣದ ಕಾಲಂನಲ್ಲಿ 'ಮಣ್ಣು ಮಕ್ಕಳ ಕೈಗೆ ಹತ್ತುತ್ತಿದೆ' ಅಂತ ಹಾಕಿ ಸಹಿ ಮಾಡಿದೆ. ಮೇಡಂ ಸಹಿ ನೋಡಿ, "ಕರೆಕ್ಟ್" ಅಂದರು.

ಇಲ್ಲಿಗೆ ಮುಗೀಲಿಲ್ಲ. ಕಂಪ್ಲೇಂಟ್ ಕೊಟ್ಟವರಿಗೆಲ್ಲಾ ಎರಡು ದಿನದೊಳಗೆ ಉತ್ತರ ಹೋಗಬೇಕು ಅಂತ ನಮ್ಮ ಸ್ಕೂಲಿನ ನಿಯಮ. ಆ ಉತ್ತರ ಟೈಪ್ ಮಾಡೋದು ನನ್ನ ಕೆಲಸ. ಮಧ್ಯಾಹ್ನ ಕೂತು ನನಗೆ ನಾನೇ ಬರೆದೆ: 'ಮಾನ್ಯರೇ, ನಿಮ್ಮ ಕಾಳಜಿಗೆ ಧನ್ಯವಾದಗಳು. ಮುಂದೆಯೂ ಹೀಗೇ ಸಹಕರಿಸಿ.'

೬. ಹತ್ತು ಗಂಟೆಗೆ

ಒಂದೇ ಒಂದು ಬೇಡಿಕೊಂಡೆ. ಸಿಮೆಂಟ್ ಹಾಕೋ ಮುಂಚೆ ಮಕ್ಕಳಿಗೆ ಇನ್ನೊಂದು ದಿನ ಕೊಡಿ ಅಂತ. ಮೇಡಂ ದೊಡ್ಡ ಮನಸ್ಸು ಮಾಡಿದರು. ಶನಿವಾರ ಬೆಳಗ್ಗೆ ಹತ್ತಕ್ಕೆ ಮಕ್ಕಳದ್ದು, ಹನ್ನೊಂದಕ್ಕೆ ಮೇಸ್ತ್ರಿಯದ್ದು.

ವರ್ಷವೆಲ್ಲಾ ಪೇರೆಂಟ್ಸ್ ಗ್ರೂಪಿಗೆ ಹೋಗೋ ಮೆಸೇಜು ಇಂಗ್ಲಿಷಲ್ಲಿ, 'ಮಡ್ ಪ್ಲೇ' ಅಂತ ಮೇಡಂ ಹಾಕ್ತಿದ್ದರು. ಈ ಸಲ "ನೀವೇ ಹಾಕ್ಕೊಳ್ಳಿ" ಅಂದರು. ಶುಕ್ರವಾರ ಸಂಜೆ ಬಸ್ಸಲ್ಲಿ ಒಂದು ಕೈಲಿ ಕಂಬಿ, ಒಂದು ಕೈಲಿ ಫೋನು. ಮನಸ್ಸು ಬೇರೆ ಕೆಟ್ಟಿತ್ತು. ಕನ್ನಡದಲ್ಲೇ ಕುಟ್ಟಿದೆ:

'ನಮಸ್ಕಾರ. ಹೇಳೋಕೆ ತುಂಬಾ ಬೇಜಾರಾಗುತ್ತೆ. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಮಣ್ಣು, ಸ್ಕೂಲ್ ಹಿಂದುಗಡೆ. ಇದೇ ಕೊನೆ. ಮನೆಯವರೂ ಬರಬಹುದು. ಹಳೇ ಬಟ್ಟೆ ಹಾಕಿಕೊಂಡು ಬನ್ನಿ.'

ಕಳಿಸಿದೆ. ಫೋನಿನ ಚಾರ್ಜು ಮುಗೀತು. ಮನೆಗೆ ಹೋದವಳು ಅದನ್ನ ಚಾರ್ಜಿಗೆ ಹಾಕಿ ಮರೆತೇಬಿಟ್ಟೆ.

ನಮ್ಮ ಕಡೆ "ಎಷ್ಟೊತ್ತಿಗೆ ಮಣ್ಣು?" ಅಂತ ಯಾರಾದರೂ ಕೇಳಿದರೆ, ಹೆಣ ಯಾವಾಗ ಎತ್ತುತ್ತಾರೆ ಅಂತ ಅರ್ಥ. "ಮಣ್ಣಿಗೆ ಹೋಗಿದ್ದೆ" ಅಂದರೆ ಸಾವಿಗೆ ಹೋಗಿದ್ದೆ ಅಂತ. ಹುಟ್ಟಿದಾಗಿಂದ ಕೇಳಿದ ಮಾತು. ವರ್ಷಪೂರ್ತಿ ಮಣ್ಣು ಮಣ್ಣು ಅಂತ ಅದರಲ್ಲೇ ಮುಳುಗಿದ್ದ ನನ್ನ ತಲೆಗೆ ಆ ಹೊತ್ತು ಹೊಳೀಲೇ ಇಲ್ಲ.

ಬೆಳಗ್ಗೆ ಫೋನ್ ತೆಗೆದರೆ ಗ್ರೂಪಲ್ಲಿ ನಲವತ್ತು ಮೆಸೇಜು. 'ಓಂ ಶಾಂತಿ.' ಕೈಮುಗಿದ ಚಿತ್ರ. 'ಓಂ ಶಾಂತಿ.' ಮತ್ತೆ ಕೈಮುಗಿದ ಚಿತ್ರ, ಐದೈದು ಸಾಲಾಗಿ. 'ತುಂಬಲಾರದ ನಷ್ಟ' ಅಂತ ಬ್ಯಾಂಕಿನವರ ಹೆಂಡತಿ ಹಾಕಿದ್ದರು. 'ಬಹಳ ಒಳ್ಳೆಯವರಿದ್ದರು, ಮೊನ್ನೆ ತಾನೇ ನೋಡಿದ್ದೆ' ಅಂತ ಇಸ್ಪೀಟಿನ ಅಪ್ಪ. ಯಾರು ಹೋಗಿದ್ದು ಅಂತ ನಲವತ್ತರಲ್ಲಿ ಒಬ್ಬರೂ ಕೇಳಿರಲಿಲ್ಲ. 'ಹಾಗಾದ್ರೆ ಸೋಮವಾರ ರಜಾನಾ?' ಅಂತ ಮಾತ್ರ ಆರು ಜನ ಕೇಳಿದ್ದರು.

ಯಾರೂ ಸತ್ತಿಲ್ಲ, ಮಕ್ಕಳ ಮಣ್ಣಾಟ ಅಷ್ಟೇ ಅಂತ ಬರೆದು, ಎದ್ದೆನೋ ಬಿದ್ದೆನೋ ಅಂತ ಓಡಿದೆ. ಸ್ಕೂಲಿಗೆ ಹೋಗೋದರಲ್ಲಿ ಒಂಬತ್ತೂಮುಕ್ಕಾಲು. ಮೇಸ್ತ್ರಿಗೆ ಮಧ್ಯಾಹ್ನ ಬೇರೆ ಕಡೆ ಕೆಲಸ ಇತ್ತಂತೆ, ಏಳಕ್ಕೇ ಬಂದು ಮುಗಿಸಿ ಕರಣೆ ತೊಳೀತಿದ್ದ. ಎಂಟಡಿಯೂ ಬೂದಿ ಬಣ್ಣ. ಒಂದು ಮೂಲೆಯಲ್ಲಿ, ಹದ ಮಾಡುವಾಗ ಕೀಳದೆ ಬಿಟ್ಟಿದ್ದ ಮೆಂತ್ಯದ ನಾಲ್ಕು ಎಲೆ ಸಿಮೆಂಟಿಗೆ ಸಿಕ್ಕಿಕೊಂಡಿದ್ದವು. ಆಯಮ್ಮ ಸಂಪಿನ ಮೇಲೆ ಕೂತಿದ್ದಳು. "ತಡೀ ಅಂತ ಏಳ್ದೆ ಕಣ್ ಮಿಸ್ಸೋರೆ. ಕೇಳ್ನಿಲ್ಲ" ಅಂದಳು. ಹಳೇ ಬಟ್ಟೆ ಹಾಕಿಕೊಂಡು ಬಂದ ಹನ್ನೊಂದು ಮಕ್ಕಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ನನ್ನನ್ನ ನೋಡಿದವು, ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಗೇಟು ತೆಗೆದುಕೊಂಡು ಒಬ್ಬರು ಯಜಮಾನರು ಬಂದರು. ನಮ್ಮ ಕ್ಲಾಸಿನ ಒಂದು ಮಗುವಿನ ತಾತ. ಬಿಳೀ ಪಂಚೆ, ಹೆಗಲ ಮೇಲೆ ಟವೆಲು, ಹಣೆ ತುಂಬ ವಿಭೂತಿ, ಕೈಯಲ್ಲಿ ಮೊಣಕಾಲುದ್ದ ಸೇವಂತಿಗೆ ಹಾರ. ರಾತ್ರಿ ಸೊಸೆ ಓದಿ ಹೇಳಿದ್ದನ್ನ ಕೇಳಿಕೊಂಡು, ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ ಹಾರ ಕಟ್ಟಿಸಿಕೊಂಡು ಬಂದಿದ್ದರು. ಫೋನು ಇಟ್ಟುಕೊಳ್ಳೋರಲ್ಲ, ನನ್ನ ಎರಡನೇ ಮೆಸೇಜು ಅವರಿಗೆ ಮುಟ್ಟಿರಲಿಲ್ಲ.

"ಎತ್ಬುಟ್ರೇನಮ್ಮ?" ಅಂದರು.

"ತಾತ, ತಪ್ಪಾಯ್ತು. ಯಾರೂ ಹೋಗಿಲ್ಲ" ಅಂತ ಎಲ್ಲಾ ಬಿಡಿಸಿ ಹೇಳಿದೆ. ಇಲ್ಲಿ ಮಣ್ಣಿತ್ತು, ಮಕ್ಕಳು ರಾಗಿ ಬೆಳೀತಿದ್ದವು, ಇವತ್ತು ಕೊನೇ ಸಲ ಆಡ್ಲಿ ಅಂತ ಕರೆದಿದ್ದೆ ಅಂತ.

ತಾತ ಸಿಮೆಂಟನ್ನ ನೋಡಿದರು, ಮಕ್ಕಳನ್ನ ನೋಡಿದರು. "ಯಾರೂ ಹೋಗಿಲ್ಲ ಅಂತ್ಯಲ್ಲಮ್ಮ. ಮಣ್ಣಿಗೆ ಅಂತ ಬಂದೋರಿಗೆ ಒಂದು ಹಿಡಿ ಮಣ್ಣೂ ಉಳಿಸಿಲ್ವಲ್ಲ" ಅಂದರು. ಹಾರ ಕೈ ಬದಲಾಯಿಸಿಕೊಂಡರು. "ಈಗ ಇದೊಂದು ಪೇಚು. ಸಾವಿಗೆ ಅಂತ ತಂದ ಹಾರ ವಾಪಸ್ ಮನೆಗೆ ತಗೊಂಡೋಗೋ ಅಂಗಿಲ್ಲ."

ಸುತ್ತ ನೋಡಿದರು. ಗೋಡೆಯ ಮೇಲೆ ಚಿಟ್ಟೆ, ಸೂರ್ಯ, ಹೂವು ಬರೆದ ನಮ್ಮ 'ನೇಚರ್ ಕಾರ್ನರ್' ಬೋರ್ಡು ಇತ್ತು. ಹಾರವನ್ನ ಅದಕ್ಕೆ ಹಾಕಿ, ಕಣ್ಣು ಮುಚ್ಚಿ ಕೈ ಮುಗಿದರು. ಹನ್ನೊಂದು ಮಕ್ಕಳೂ ಕೈ ಮುಗಿದವು. ಆಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. ನಗ್ತಿದ್ದಳೋ ಅಳ್ತಿದ್ದಳೋ ನನಗೆ ಗೊತ್ತಾಗಲಿಲ್ಲ.

ಆಗ ಮೇಡಂ ಬಂದರು, ಕೈಯಲ್ಲಿ ಫೋನು, ಮುಖ ತುಂಬ ನಗು. ಕನ್ನಡ ಓದೋದು ಅವರಿಗೆ ತಾಪತ್ರಯ, ಗ್ರೂಪಲ್ಲಿ ಬರೀ ಚಿತ್ರ ನೋಡ್ತಾರೆ. "ಮಿಸ್, ನೋಡಿದ್ರಾ? ಸಿಮೆಂಟ್ ಹಾಕಿಸ್ತಿದ್ದೀವಿ ಅಂದಿದ್ದಕ್ಕೆ ಪೇರೆಂಟ್ಸೆಲ್ಲಾ ಎಷ್ಟು ಕೈ ಮುಗಿದಿದ್ದಾರೆ! ಒಬ್ಬರದ್ದೂ ಬೇಜಾರಿಲ್ಲ" ಅಂದರು. ಹಾರ ಕಣ್ಣಿಗೆ ಬಿತ್ತು. "ಓ! ಪೂಜೆನೂ ಮಾಡಿಬಿಟ್ರಾ? ಹೊಸ ಫ್ಲೋರಿಗೆ? ವೆರಿ ಗುಡ್!" ಬೋರ್ಡಿನ ಪಕ್ಕ ನಿಂತು, ಹಾರ ಸರಿಯಾಗಿ ಕಾಣೋ ಹಾಗೆ ಎಳೆದು, ತಾವೇ ನಾಲ್ಕು ಫೋಟೋ ತೆಗೆದುಕೊಂಡರು. ಒಂದರಲ್ಲಿ ಎರಡು ಬೆರಳು ಎತ್ತಿ ತೋರಿಸಿದರು.

ತಾತ ಅದನ್ನೆಲ್ಲಾ ಗಂಭೀರವಾಗಿ ನೋಡ್ತಾ ನಿಂತಿದ್ದವರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಈಯಮ್ಮ ಹೋದೋರಿಗೆ ಏನಾಗ್ಬೇಕಮ್ಮ?"

ಬುಕ್ಕಲ್ಲಿ ನಾನು ಹಾಕಿದ ಸಹಿ ಕಣ್ಣ ಮುಂದೆ ಬಂತು. "ನಾನೇನಾಗ್ಬೇಕೋ ಅವರೂ ಅದೇ ಆಗ್ಬೇಕು ತಾತ" ಅಂದೆ.

ತಾತ ತಲೆ ಆಡಿಸಿದರು. ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೊರಟವರು ಗೇಟಿನಿಂದ ತಿರುಗಿ ಹೇಳಿದರು:

"ಅಂಗಾದ್ರೆ ಇಬ್ರೂ ತಲೆ ಮೇಲೆ ನೀರು ಉಯ್ಕೊಂಡೇ ಮನೆ ಒಳಿಕ್ಕೆ ಹೋಗಿ ಕಣಮ್ಮ. ಹತ್ರದೋರು."